ಸಸ್ಯ ವರ್ಣತಂತುಗಳನ್ನು ಫ್ಲೋ ಸೈಟೋಮೀಟರ್‌ನಲ್ಲಿ ವಿಶ್ಲೇಷಿಸಿ ಬೇರ್ಪಡಿಸುವ ಕ್ರಮ

ಬ್ರೆಡ್ ಗೋಧಿಯ ಜೀನೋಮ್ ಸುಮಾರು 1,600 ಕೋಟಿ ಬೇಸ್ ಜೋಡಿಗಳಷ್ಟು ದೊಡ್ಡದು. ಮಾನವ ಜೀನೋಮಿನ ಐದು ಪಟ್ಟು. ಅದರಲ್ಲಿ ಎ, ಬಿ, ಡಿ ಎಂಬ ಮೂರು ಉಪಜೀನೋಮ್‌ಗಳಿವೆ, ಬಹುತೇಕ ಜೀನ್‌ಗಳಿಗೆ ಒಂದನ್ನೊಂದು ಹೋಲುವ ಮೂರು ಪ್ರತಿಗಳಿವೆ, ಉಳಿದುದರಲ್ಲಿ ಹೆಚ್ಚಿನ ಪಾಲು ಪುನರಾವರ್ತಿತ ಸರಣಿಗಳದು. ಇಂಥ ಜೀನೋಮನ್ನು ಇಡಿಯಾಗಿ ಕೈಗೆತ್ತಿಕೊಳ್ಳುವ ಬದಲು, ಬೇಕಾದ ಒಂದೇ ವರ್ಣತಂತುವನ್ನು ಶುದ್ಧವಾಗಿ ಬೇರ್ಪಡಿಸಿ ಅದರ ಡಿಎನ್‌ಎಯ ಮೇಲೆ ಮಾತ್ರ ಕೆಲಸ ಮಾಡುವುದು ಫ್ಲೋ ಸೈಟೋಜೆನೆಟಿಕ್ಸ್ ಎಂಬ ಕ್ಷೇತ್ರದ ಮೂಲ ವಿಚಾರ. 1984ರಲ್ಲಿ ಕೇವಲ ನಾಲ್ಕು ವರ್ಣತಂತುಗಳಿರುವ ಹ್ಯಾಪ್ಲೊಪ್ಯಾಪಸ್ ಗ್ರಾಸಿಲಿಸ್ ಎಂಬ ಸಸ್ಯದಲ್ಲಿ ಇದು ಸಾಧ್ಯವೆಂದು ತೋರಿಸಲಾಯಿತು. ಆದರೆ ವಿಧಾನಕ್ಕೆ ಇಂದಿನ ರೂಪ ಬಂದದ್ದು 1992ರಲ್ಲಿ, ಚೆಕ್ ಗಣರಾಜ್ಯದ ಓಲೊಮೌಟ್ಸ್‌ನ ಯಾರೊಸ್ಲಾವ್ ಡೊಲೆಝೆಲ್ ಮತ್ತು ಸಹೋದ್ಯೋಗಿಗಳು ಫಾಬಾ ಅವರೆಯ ಬೇರಿನ ತುದಿಗಳಿಂದ ವರ್ಣತಂತುಗಳನ್ನು ಹೊರತೆಗೆಯುವ ಕ್ರಮವನ್ನು ಪ್ರಕಟಿಸಿದಾಗ. ಇಲ್ಲಿ ವಿವರಿಸಿರುವುದು ಆ ಪರಂಪರೆಯ ಕ್ರಮವನ್ನೇ.

ಆರಂಭದಲ್ಲೇ ಒಂದು ಮಾತು ಸ್ಪಷ್ಟವಾಗಿರಬೇಕು. ಫ್ಲೋ ಸೈಟೋಮೀಟರ್ ಎಂಬ ಯಂತ್ರವು ವರ್ಣತಂತುವನ್ನು ಗುರುತಿಸುವುದಿಲ್ಲ; ಲೇಸರ್ ಕಿರಣದ ಮುಂದೆ ಹಾದುಹೋದ ಕಣವು ಎಷ್ಟು ಬೆಳಕು ಸೂಸಿತು ಎಂಬುದನ್ನಷ್ಟೇ ಅಳೆಯುತ್ತದೆ. ಆ ಬೆಳಕು ಇಡಿಯಾದ ವರ್ಣತಂತುವಿನದೋ, ಮುರಿದ ತುಂಡಿನದೋ, ಅಂಟಿಕೊಂಡ ಎರಡು ಸಣ್ಣ ವರ್ಣತಂತುಗಳದೋ ಎಂಬುದು ಬೇರನ್ನು ನೀರಿಗೆ ಇಳಿಸಿದ ದಿನದಿಂದ ಮಾದರಿಯನ್ನು ಯಂತ್ರಕ್ಕೆ ಇಡುವ ಗಳಿಗೆಯವರೆಗೆ ನಡೆದ ಕೆಲಸದಿಂದ ನಿರ್ಧಾರವಾಗುತ್ತದೆ. ಆದ್ದರಿಂದ ಈ ಬರಹದ ಹೆಚ್ಚಿನ ಭಾಗ ಯಂತ್ರಕ್ಕಿಂತ ಬೇರಿನ ಕುರಿತಾಗಿದೆ.

ಮೊದಲು ಕಾಗದದ ಮೇಲಿನ ಲೆಕ್ಕ

ಬೀಜ ನೆನೆಸುವ ಮೊದಲು, ಬೇಕಾದ ವರ್ಣತಂತು ಉಳಿದವುಗಳಿಂದ ಬೇರೆಯಾಗಿ ಕಾಣಬಲ್ಲುದೇ ಎಂದು ಲೆಕ್ಕ ಹಾಕಬೇಕು. ಕ್ಯಾರಿಯೋಟೈಪ್‌ನಲ್ಲಿರುವ, ಅಂದರೆ ಆ ಸಸ್ಯದ ಪೂರ್ಣ ಗಣದಲ್ಲಿರುವ, ವರ್ಣತಂತುಗಳ ಸಾಪೇಕ್ಷ ಉದ್ದ ಅಥವಾ ಡಿಎನ್‌ಎ ಪ್ರಮಾಣ ಗೊತ್ತಿದ್ದರೆ, ಪ್ರತಿಯೊಂದಕ್ಕೂ ಒಂದು ಗಾಸ್ ವಕ್ರರೇಖೆಯನ್ನು ಕೊಟ್ಟು ಅವುಗಳನ್ನು ಕೂಡಿಸಿದರೆ ನಿರೀಕ್ಷಿತ ಫ್ಲೋ ಕ್ಯಾರಿಯೋಟೈಪ್, ಅಂದರೆ ಯಂತ್ರ ತೋರಿಸಬೇಕಾದ ಬೆಳಕಿನ ತೀವ್ರತೆಯ ಹಿಸ್ಟೊಗ್ರಾಮ್, ಸಿಗುತ್ತದೆ. ಶೃಂಗಗಳ (ವಕ್ರರೇಖೆಯ ಏರುಗಳ) ವ್ಯತ್ಯಯ ಗುಣಾಂಕ, ಅಂದರೆ ಸರಾಸರಿಗೆ ಹೋಲಿಸಿದ ಹರಡುವಿಕೆ, ಶೇ 2 ಎಂದಿಟ್ಟುಕೊಳ್ಳಿ. ಎರಡು ವರ್ಣತಂತುಗಳ ಡಿಎನ್‌ಎ ಪ್ರಮಾಣದಲ್ಲಿ ಶೇ 4ರ ವ್ಯತ್ಯಾಸವಿದ್ದರೆ, ಎರಡೂ ಶೃಂಗಗಳ ನಟ್ಟನಡುವೆ ಗೆರೆ ಎಳೆದಾಗ ಒಂದೊಂದರ ಶೇ 16ರಷ್ಟು ಭಾಗ ತಪ್ಪು ಕಡೆಗೆ ಬೀಳುತ್ತದೆ. ವ್ಯತ್ಯಾಸ ಶೇ 8 ಆದರೆ ಆ ಪಾಲು ಶೇ 2ರ ಆಸುಪಾಸಿಗೆ ಇಳಿಯುತ್ತದೆ. ಈ ಚಿಕ್ಕ ಲೆಕ್ಕ ವಾರಗಟ್ಟಲೆಯ ವ್ಯರ್ಥ ಶ್ರಮವನ್ನು ತಪ್ಪಿಸಬಲ್ಲುದು.

ಹೆಚ್ಚಿನ ಬೆಳೆಗಳಲ್ಲಿ ಈ ಲೆಕ್ಕದ ಫಲ ನಿರಾಶಾದಾಯಕವಾಗಿಯೇ ಇರುತ್ತದೆ. ಗೋಧಿಯ 21 ಬಗೆಯ ವರ್ಣತಂತುಗಳಲ್ಲಿ ಡಿಎನ್‌ಎ ಪ್ರಮಾಣವೊಂದರಿಂದಲೇ ತನ್ನದೇ ಶೃಂಗ ಪಡೆಯುವುದು 3ಬಿ (ಬಿ ಉಪಜೀನೋಮಿನ ಮೂರನೆಯ ವರ್ಣತಂತು) ಮಾತ್ರ. ಉಳಿದವು ಮೂರು ಸಂಯುಕ್ತ ಶೃಂಗಗಳಲ್ಲಿ ಗುಂಪಾಗಿ ಬೀಳುತ್ತವೆ. ಬಾರ್ಲಿಯಲ್ಲಿ 1ಎಚ್ ಮತ್ತು ರೈಯಲ್ಲಿ 1ಆರ್ ಬೇರೆಯಾಗುತ್ತವೆ. ಹನ್ನೆರಡು ವರ್ಣತಂತುಗಳ ಫಾಬಾ ಅವರೆಯಲ್ಲಿ, ಉಳಿದವಕ್ಕಿಂತ ಬಹಳ ದೊಡ್ಡದಾದ ಒಂದನೆಯ ವರ್ಣತಂತು ಮಾತ್ರ ಸುಲಭವಾಗಿ ದೊರೆಯುತ್ತದೆ. ಅದಕ್ಕಾಗಿಯೇ ಸಸ್ಯ ತಳಿಶಾಸ್ತ್ರಜ್ಞರು ದಶಕಗಳಿಂದ ಕಾಪಾಡಿಕೊಂಡು ಬಂದಿರುವ ವಿಶೇಷ ತಳಿಗಳಿಗೆ ಇಲ್ಲಿ ತುಂಬ ಬೆಲೆಯಿದೆ. ವರ್ಣತಂತುವಿನ ಒಂದೇ ಭುಜವನ್ನು ಉಳಿಸಿಕೊಂಡ ಟೀಲೊಸೋಮಿಕ್ ತಳಿ, ಭುಜಗಳು ಅದಲುಬದಲಾದ ಸ್ಥಾನಾಂತರಣ ತಳಿ, ಬಾರ್ಲಿಯ ಅಥವಾ ರೈಯ ವರ್ಣತಂತುವನ್ನು ಹೊತ್ತ ಗೋಧಿಯ ಸೇರ್ಪಡೆ ತಳಿ, ಇವೆಲ್ಲವೂ ಬೇಕಾದ ವರ್ಣತಂತುವಿನ ಗಾತ್ರವನ್ನು ಇಲ್ಲವೇ ಅದರ ನೆರೆಹೊರೆಯನ್ನು ಬದಲಿಸಿ ಖಾಲಿ ಜಾಗದಲ್ಲಿ ಹೊಸ ಶೃಂಗವನ್ನು ಮೂಡಿಸುತ್ತವೆ. ‘ಚೈನೀಸ್ ಸ್ಪ್ರಿಂಗ್’ ಗೋಧಿಯ ಇಂಥ ತಳಿಗಳಿಂದಲೇ ಅಂತರರಾಷ್ಟ್ರೀಯ ಗೋಧಿ ಜೀನೋಮ್ ಒಕ್ಕೂಟವು 3ಬಿ ಹೊರತು ಉಳಿದ ವರ್ಣತಂತುಗಳ ಭುಜಗಳನ್ನು ಬೇರ್ಪಡಿಸಿ, 2014ರಲ್ಲಿ ಕರಡು ಸರಣಿಯನ್ನು ಪ್ರಕಟಿಸಿತು.

ಬೇರುಗಳು ಮತ್ತು ಕೋಶಚಕ್ರದ ಹೊಂದಾಣಿಕೆ

ವರ್ಣತಂತುಗಳು ಸಾಂದ್ರವಾಗಿ, ಒಂದೊಂದಾಗಿ ದೊರೆಯುವುದು ಕೋಶವಿಭಜನೆಯ ಮಧ್ಯಾವಸ್ಥೆಯಲ್ಲಿ. ಸಾಮಾನ್ಯ ಬೇರಿನ ತುದಿಯಲ್ಲಿ ಯಾವುದೇ ಕ್ಷಣದಲ್ಲಿ ಈ ಅವಸ್ಥೆಯಲ್ಲಿರುವ ಕೋಶಗಳು ಕೆಲವೇ. ಅವನ್ನು ಅರ್ಧದಷ್ಟಕ್ಕೆ ಏರಿಸುವುದು ಮೊದಲ ಗುರಿ. ಬೇರಿನ ತುದಿಯನ್ನೇ ಆರಿಸಿಕೊಳ್ಳಲು ಸಾಕಷ್ಟು ಕಾರಣಗಳಿವೆ. ಅಂಗಾಂಶ ಕೃಷಿಯ ಕೋಶಗಳಲ್ಲಿ ವರ್ಣತಂತುಗಳ ಸಂಖ್ಯೆಯೂ ರಚನೆಯೂ ಕ್ರಮೇಣ ಬದಲಾಗುತ್ತವೆ, ಬೇರಿನಲ್ಲಿ ಹಾಗಾಗುವುದಿಲ್ಲ. ಮೊಳೆಯುವ ಬೀಜವಿದ್ದರೆ ಬೇರು ಸಿಕ್ಕೇ ಸಿಗುತ್ತದೆ. ಬೇರಿನ ತುದಿಯ ಬೆಳವಣಿಗೆಯ ಅಂಗಾಂಶವಾದ ಮೆರಿಸ್ಟೆಮ್‌ನಲ್ಲಿ ವಿಭಜಿಸುವ ಕೋಶಗಳು ಒತ್ತಾಗಿಯೂ ಇರುತ್ತವೆ.

ಬೀಜಗಳನ್ನು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಕತ್ತಲಲ್ಲಿ, ತೇವದ ಸೋಸುಕಾಗದದ ಮೇಲೆ ಮೊಳೆಯಿಸಬೇಕು. ಧಾನ್ಯಗಳಲ್ಲಿ ಬೇರು 2ರಿಂದ 3 ಸೆಂಟಿಮೀಟರ್ ಆದಾಗ ಉಪಚಾರಕ್ಕೆ ಸಿದ್ಧ. ಒಂದೇ ಬ್ಯಾಚಿನ ಬೀಜಗಳು ಹಿಂದುಮುಂದಾಗಿ ಮೊಳೆತರೆ ಮುಂದಿನ ಯಾವ ರಾಸಾಯನಿಕವೂ ಆ ಅಸಮತೆಯನ್ನು ಸರಿಪಡಿಸಲಾರದು. ಆದ್ದರಿಂದ ಉದ್ದ ಬೇರು, ಗಿಡ್ಡ ಬೇರುಗಳನ್ನು ಈ ಹಂತದಲ್ಲೇ ಕೈಬಿಡುವುದು ಒಳ್ಳೆಯದು.

ಮೊಳಕೆಗಳ ಬೇರುಗಳನ್ನು ಹತ್ತು ಪಟ್ಟು ತೆಳುಗೊಳಿಸಿದ ಹೋಗ್ಲ್ಯಾಂಡ್ ಪೋಷಕದ್ರಾವಣದಲ್ಲಿ ಕರಗಿಸಿದ ಹೈಡ್ರಾಕ್ಸಿಯೂರಿಯಾದಲ್ಲಿ ಮುಳುಗಿಸಿಡಬೇಕು. ಈ ಪದಾರ್ಥ ರೈಬೊನ್ಯೂಕ್ಲಿಯೋಟೈಡ್ ರಿಡಕ್ಟೇಸ್ ಕಿಣ್ವವನ್ನು ತಡೆಯುವುದರಿಂದ ಡಿಎನ್‌ಎ ರಚನೆಗೆ ಬೇಕಾದ ಘಟಕಗಳು ಬತ್ತುತ್ತವೆ, ಕೋಶಗಳು ಡಿಎನ್‌ಎ ಸಂಶ್ಲೇಷಣೆಯ ಹೊಸ್ತಿಲಲ್ಲಿ ಬಂದು ನಿಲ್ಲುತ್ತವೆ. ಗೋಧಿಗೆ 2 ಮಿಲಿಮೋಲಾರ್ ಸಾಂದ್ರತೆಯಲ್ಲಿ 18 ಗಂಟೆ ಎಂಬುದು ಒಳ್ಳೆಯ ಆರಂಭಬಿಂದು. ಫಾಬಾ ಅವರೆಗೆ 1.25 ಮಿಲಿಮೋಲಾರ್ ಸಾಕಾಗುತ್ತದೆ. ಬಳಿಕ ಬೇರುಗಳನ್ನು ತೊಳೆದು ಹೈಡ್ರಾಕ್ಸಿಯೂರಿಯಾ ಇಲ್ಲದ ದ್ರಾವಣಕ್ಕೆ ವರ್ಗಾಯಿಸಿದರೆ ನಿಂತಿದ್ದ ಕೋಶಗಳೆಲ್ಲ ಒಟ್ಟಿಗೆ ಹೊರಡುತ್ತವೆ. ಅವು ವಿಭಜನೆಯ ಬಾಗಿಲಿಗೆ ತಲುಪಲು ಗೋಧಿಯಲ್ಲಿ ಸುಮಾರು ಐದೂವರೆ ಗಂಟೆ, ಬಾರ್ಲಿಯಲ್ಲಿ ಆರೂವರೆ ಗಂಟೆ, ಫಾಬಾ ಅವರೆಯಲ್ಲಿ ನಾಲ್ಕೂವರೆ ಗಂಟೆ ಬೇಕು. ಆ ಹೊತ್ತಿಗೆ 2.5 ಮೈಕ್ರೊಮೋಲಾರ್ ಅಮಿಪ್ರೊಫಾಸ್-ಮೀಥೈಲ್ ಇರುವ ದ್ರಾವಣದಲ್ಲಿ ಎರಡು ಗಂಟೆ ಇಟ್ಟರೆ ವರ್ಣತಂತುಗಳನ್ನು ಎಳೆದು ಬೇರ್ಪಡಿಸುವ ಕದಿರೆಳೆಗಳು ರೂಪುಗೊಳ್ಳದೆ ಕೋಶಗಳು ಮಧ್ಯಾವಸ್ಥೆಯಲ್ಲೇ ಸಿಲುಕುತ್ತವೆ. ಹೆಸರಾಂತ ಕಾಲ್ಚಿಸಿನ್ ಇಲ್ಲಿ ಯೋಗ್ಯ ಆಯ್ಕೆಯಲ್ಲ. ಅದು ಪ್ರಾಣಿಗಳ ಟ್ಯುಬ್ಯುಲಿನ್‌ಗೆ (ಕದಿರೆಳೆಗಳ ಪ್ರೋಟೀನಿಗೆ) ಬಲವಾಗಿ ಅಂಟುತ್ತದಾದರೂ ಸಸ್ಯಗಳ ಟ್ಯುಬ್ಯುಲಿನ್‌ಗೆ ಅಷ್ಟಾಗಿ ಅಂಟುವುದಿಲ್ಲ, ಹಾಗಾಗಿ ಬಹಳ ಹೆಚ್ಚಿನ ಸಾಂದ್ರತೆ ಬೇಕಾಗುತ್ತದೆ. ಧಾನ್ಯಗಳಲ್ಲಿ ಇದರ ನಂತರ ಬೇರುಗಳನ್ನು ರಾತ್ರಿಯಿಡೀ ಮಂಜುಗಡ್ಡೆಯ ನೀರಿನಲ್ಲಿ ಇಡುವ ರೂಢಿಯಿದೆ. ಇದರಿಂದ ವರ್ಣತಂತುಗಳು ಕೋಶದೊಳಗೆ ಒಂದಕ್ಕೊಂದು ಅಂಟದೆ ಹರಡಿಕೊಳ್ಳುತ್ತವೆ ಮತ್ತು ಮುಂದೆ ಸುಲಭವಾಗಿ ಬಿಡಿಯಾಗುತ್ತವೆ.

ಈ ಎಲ್ಲ ಹಂತಗಳಲ್ಲಿ ದ್ರಾವಣಕ್ಕೆ ಗಾಳಿಯ ಗುಳ್ಳೆ ಬಿಡುತ್ತಿರಬೇಕು ಮತ್ತು ಉಷ್ಣತೆಯನ್ನು ಅರ್ಧ ಡಿಗ್ರಿಯ ಮಿತಿಯಲ್ಲಿ ಹಿಡಿದಿಡಬೇಕು. ಮೊದಲ ನೋಟಕ್ಕೆ ಕ್ಷುಲ್ಲಕವಾಗಿ ಕಾಣುವ ಈ ಎರಡು ಷರತ್ತುಗಳು ಮುರಿದಾಗಲೇ ಹೊಂದಾಣಿಕೆ ಹೆಚ್ಚಾಗಿ ಕೆಡುತ್ತದೆ, ಏಕೆಂದರೆ ಆಮ್ಲಜನಕದ ಕೊರತೆಯಾಗಲಿ ಎರಡು ಡಿಗ್ರಿಯ ಏರಿಳಿತವಾಗಲಿ ಕೋಶಚಕ್ರದ ವೇಗವನ್ನು ಬದಲಿಸಿ, ಗಂಟೆಗಳ ಲೆಕ್ಕವನ್ನೆಲ್ಲ ಹುಸಿಯಾಗಿಸುತ್ತದೆ. ಮೇಲೆ ಕೊಟ್ಟ ಅವಧಿಗಳನ್ನು ಹೊಸ ಪ್ರಭೇದಕ್ಕಾಗಲಿ ಹೊಸ ತಳಿಗಾಗಲಿ ಹಾಗೆಯೇ ಅನ್ವಯಿಸುವಂತಿಲ್ಲ. ಹೈಡ್ರಾಕ್ಸಿಯೂರಿಯಾ ತೊಳೆದ ನಂತರ ಗಂಟೆಗೊಮ್ಮೆ ಕೆಲವು ಬೇರುಗಳನ್ನು ತೆಗೆದು, ಮೂರು ಭಾಗ ಎಥನಾಲ್ ಮತ್ತು ಒಂದು ಭಾಗ ಅಸಿಟಿಕ್ ಆಮ್ಲದಲ್ಲಿ ಸ್ಥಿರೀಕರಿಸಿ, ಫಾಯ್ಲ್ಗನ್ ವಿಧಾನದಿಂದ ಬಣ್ಣ ಹಾಕಿ ಜಜ್ಜಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಮಧ್ಯಾವಸ್ಥೆಯ ಕೋಶಗಳು ಶೇ 50ರ ಹತ್ತಿರಕ್ಕೆ ಬಾರದಿದ್ದರೆ ಯಂತ್ರದ ಸಮಯ ಕಾಯ್ದಿರಿಸುವುದರಲ್ಲಿ ಅರ್ಥವಿಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ.

ಹೈಡ್ರಾಕ್ಸಿಯೂರಿಯಾ ಉತ್ಪರಿವರ್ತನಕಾರಿ, ಫಾರ್ಮಾಲ್ಡಿಹೈಡ್ ವಿಷಕಾರಿ. ಕೈಗವಸು, ಹೊಗೆಕವಾಟ ಮತ್ತು ಪ್ರತ್ಯೇಕ ತ್ಯಾಜ್ಯಪಾತ್ರೆ ಇಲ್ಲದೆ ಈ ಕೆಲಸಕ್ಕೆ ಇಳಿಯಬಾರದು.

ಸ್ಥಿರೀಕರಣ ಮತ್ತು ಬಿಡಿಸುವಿಕೆ

ಬೇರಿನ ಕೋಶಗಳನ್ನು ಒಡೆಯಲು ಬಲ ಪ್ರಯೋಗಿಸಬೇಕು, ಆದರೆ ಆ ಬಲಕ್ಕೆ ವರ್ಣತಂತುಗಳು ಸಿಗಿಯಬಾರದು. ಈ ಇಕ್ಕಟ್ಟಿಗೆ ಪರಿಹಾರ ಫಾರ್ಮಾಲ್ಡಿಹೈಡಿನ ಹದವಾದ ಸ್ಥಿರೀಕರಣ. ಗೋಧಿಗೆ ಟ್ರಿಸ್ ಬಫರಿನಲ್ಲಿ ಶೇ 2ರ ಫಾರ್ಮಾಲ್ಡಿಹೈಡ್, 5 ಡಿಗ್ರಿಯಲ್ಲಿ 20 ನಿಮಿಷ. ನಂತರ ಅದೇ ಬಫರಿನಲ್ಲಿ ಐದೈದು ನಿಮಿಷದಂತೆ ಮೂರು ತೊಳೆತ. ಸ್ಥಿರೀಕರಣ ಕಡಿಮೆಯಾದರೆ ವರ್ಣತಂತುಗಳು ಮೆತ್ತಗಾಗಿ ಮುರಿಯುತ್ತವೆ, ಒಂದಕ್ಕೊಂದು ಅಂಟಿ ಗಂಟಾಗುತ್ತವೆ. ಹೆಚ್ಚಾದರೆ ಕೋಶದ್ರವ್ಯವೇ ಗಟ್ಟಿಯಾಗಿ, ಮಧ್ಯಾವಸ್ಥೆಯ ಇಡೀ ಕೋಶ ಹಾಗೆಯೇ ಹೊರಬರುತ್ತದೆ, ಬಿಡಿ ವರ್ಣತಂತುಗಳು ಸಿಗುವುದಿಲ್ಲ. ಹೊಸ ಸಸ್ಯದಲ್ಲಿ ಬೇರೆಲ್ಲವನ್ನೂ ಸ್ಥಿರವಾಗಿಟ್ಟು ಈ ಅವಧಿಯನ್ನು ಮಾತ್ರ ಐದು ನಿಮಿಷಗಳ ಅಂತರದಲ್ಲಿ ಬದಲಿಸಿ ನೋಡುವುದು ಸರಿಯಾದ ದಾರಿ.

ಸ್ಥಿರೀಕರಿಸಿದ ಬೇರುಗಳ ತುದಿಯ ಒಂದರಿಂದ ಒಂದೂವರೆ ಮಿಲಿಮೀಟರನ್ನು ಹರಿತವಾದ ಬ್ಲೇಡಿನಿಂದ ಕತ್ತರಿಸಿ, ಸುಮಾರು 30ರಿಂದ 50 ತುದಿಗಳನ್ನು 1 ಮಿಲಿಲೀಟರ್ ಎಲ್‌ಬಿ01 ಬಫರಿಗೆ ಹಾಕಬೇಕು. 15 ಮಿಲಿಮೋಲಾರ್ ಟ್ರಿಸ್, 2 ಮಿಲಿಮೋಲಾರ್ ಸೋಡಿಯಂ ಇಡಿಟಿಎ, 0.5 ಮಿಲಿಮೋಲಾರ್ ಸ್ಪರ್ಮಿನ್, 80 ಮಿಲಿಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್, 20 ಮಿಲಿಮೋಲಾರ್ ಸೋಡಿಯಂ ಕ್ಲೋರೈಡ್, 15 ಮಿಲಿಮೋಲಾರ್ ಮರ್ಕ್ಯಾಪ್ಟೊಎಥನಾಲ್ ಮತ್ತು ಶೇ 0.1 ಟ್ರೈಟಾನ್ ಎಕ್ಸ್-100 ಇದರ ಸಂಯೋಜನೆ. ಸ್ಪರ್ಮಿನ್ ಡಿಎನ್‌ಎ ಮತ್ತು ಪ್ರೋಟೀನುಗಳ ಸಂಕೀರ್ಣವಾದ ಕ್ರೊಮ್ಯಾಟಿನನ್ನು ಬಿಗಿಯಾಗಿ ಹಿಡಿಯುತ್ತದೆ, ಇಡಿಟಿಎ ಡಿಎನ್‌ಎ ಕತ್ತರಿಸುವ ಕಿಣ್ವಗಳಿಗೆ ಬೇಕಾದ ಲೋಹದ ಅಯಾನುಗಳನ್ನು ಕಸಿಯುತ್ತದೆ, ಮರ್ಕ್ಯಾಪ್ಟೊಎಥನಾಲ್ ಉತ್ಕರ್ಷಣವನ್ನು ತಡೆಯುತ್ತದೆ, ಟ್ರೈಟಾನ್ ಪೊರೆಗಳನ್ನು ಕರಗಿಸಿ ಕಣಗಳು ಗಂಟಾಗದಂತೆ ಕಾಯುತ್ತದೆ. ತಿರುಗುವ ಅಲಗಿನ ಹೋಮೊಜಿನೈಸರಿನಿಂದ ನಿಮಿಷಕ್ಕೆ 10,000ದಿಂದ 20,000 ಸುತ್ತುಗಳ ವೇಗದಲ್ಲಿ 10ರಿಂದ 20 ಸೆಕೆಂಡು ಕಡೆದರೆ ಸಾಕು. ಬಳಿಕ ನೈಲಾನ್ ಜಾಲರಿಯಲ್ಲಿ ಸೋಸಿ ಮಂಜುಗಡ್ಡೆಯ ಮೇಲಿಡಬೇಕು.

ಈಗ ಒಂದು ಹನಿಗೆ ಡಿಎನ್‌ಎಗೆ ಅಂಟಿ ಹೊಳೆಯುವ ಡ್ಯಾಪಿ ಬಣ್ಣ ಸೇರಿಸಿ ಪ್ರತಿದೀಪ್ತಿ ಸೂಕ್ಷ್ಮದರ್ಶಕದಲ್ಲಿ ನೋಡುವುದನ್ನು ಎಂದೂ ಬಿಡಬಾರದು. ಇಡಿಯಾದ, ಎರಡು ಕ್ರೊಮ್ಯಾಟಿಡ್‌ಗಳು (ನಕಲಾದ ಒಂದೇ ರೀತಿಯ ಎಳೆಗಳು) ಕೂಡಿಕೊಂಡಿರುವ ವರ್ಣತಂತುಗಳು ತುಂಬಾ ಕಾಣಬೇಕು. ಎಳೆದ ದಾರದಂಥ ಕ್ರೊಮ್ಯಾಟಿನ್, ಬಿಡಿ ಕ್ರೊಮ್ಯಾಟಿಡ್‌ಗಳು, ಹುಡಿ ಇವು ವಿರಳವಾಗಿರಬೇಕು. ಬಿಡಿ ಕ್ರೊಮ್ಯಾಟಿಡ್‌ಗಳು ವಿಶೇಷವಾಗಿ ಅಪಾಯಕಾರಿ. ದೊಡ್ಡ ವರ್ಣತಂತುವಿನ ಒಂದು ಕ್ರೊಮ್ಯಾಟಿಡ್‌ನಲ್ಲಿ ಅದರ ಅರ್ಧದಷ್ಟು ಡಿಎನ್‌ಎ ಇರುವುದರಿಂದ, ಅದು ಸದ್ದಿಲ್ಲದೆ ಚಿಕ್ಕ ವರ್ಣತಂತುವಿನ ಅಥವಾ ಟೀಲೊಸೋಮಿನ ಶೃಂಗದೊಳಗೆ ಸೇರಿಬಿಡುತ್ತದೆ.

ಯಂತ್ರದ ಸಿದ್ಧತೆ ಮತ್ತು ಫ್ಲೋ ಕ್ಯಾರಿಯೋಟೈಪ್

ಮಾದರಿಗೆ ಮಿಲಿಲೀಟರಿಗೆ 2 ಮೈಕ್ರೊಗ್ರಾಮಿನಂತೆ ಡ್ಯಾಪಿ ಸೇರಿಸಿ, ಯಂತ್ರಕ್ಕೆ ಇಡುವ ಮುನ್ನ 20 ಮೈಕ್ರೊಮೀಟರ್ ರಂಧ್ರದ ಜಾಲರಿಯಲ್ಲಿ ಮತ್ತೊಮ್ಮೆ ಸೋಸಬೇಕು. ಡ್ಯಾಪಿಯನ್ನು ಉದ್ದೀಪಿಸಲು 355 ನ್ಯಾನೊಮೀಟರಿನ ನೇರಳಾತೀತ ಲೇಸರ್ ಅತ್ಯುತ್ತಮ. ಮೊದಲು ಏಕರೂಪದ ಪ್ರತಿದೀಪ್ತ ಮಣಿಗಳನ್ನು ಹರಿಸಿ, ಅವುಗಳ ಶೃಂಗ ಸಾಧ್ಯವಾದಷ್ಟು ಕಿರಿದಾಗುವವರೆಗೆ ಲೇಸರನ್ನೂ ಹರಿವನ್ನೂ ಹೊಂದಿಸಬೇಕು. ಮಣಿಗಳ ಶೃಂಗವೇ ಅಗಲವಾಗಿದ್ದರೆ ವರ್ಣತಂತುಗಳ ಶೃಂಗ ಕಿರಿದಾಗುವ ಆಸೆ ಇಡಬೇಕಿಲ್ಲ. ಮಾದರಿಯ ಹರಿವು ನಿಧಾನವಾಗಿರಲಿ. ಒತ್ತಡ ಹೆಚ್ಚಿಸಿದರೆ ಮಾದರಿಯ ಧಾರೆ ದಪ್ಪಗಾಗಿ, ಕಣಗಳು ಕಿರಣದ ಕೇಂದ್ರದಿಂದ ಆಚೀಚೆ ಸರಿದು ಶೃಂಗಗಳು ಒಂದರೊಳಗೊಂದು ಕಲೆಯುತ್ತವೆ.

ತೆರೆಯ ಮೇಲೆ ಮೊದಲು ಮುಂಚದುರಿಕೆಗೆ (ಕಣವು ಮುಂದಕ್ಕೆ ಚದುರಿಸಿದ ಬೆಳಕಿಗೆ) ಎದುರಾಗಿ ಡ್ಯಾಪಿ ಸಂಕೇತದ ಚುಕ್ಕೆಚಿತ್ರವನ್ನು ಬಿಡಿಸಿ, ಹುಡಿಯನ್ನು ಕೆಳಗೂ ಕೋಶಕೇಂದ್ರಗಳನ್ನು ಮೇಲೂ ಬಿಟ್ಟು ವರ್ಣತಂತುಗಳ ಪಟ್ಟಿಯನ್ನು ಸುತ್ತುವರಿಯಬೇಕು. ನಂತರ ಸ್ಪಂದನದ ಅಗಲ ಮತ್ತು ವಿಸ್ತೀರ್ಣವನ್ನು ಹೋಲಿಸಿ ಅಂಟಿಕೊಂಡ ಜೋಡಿಗಳನ್ನು ಹೊರಗಿಡಬೇಕು. ಉಳಿದ ಕಣಗಳ ಡ್ಯಾಪಿ ತೀವ್ರತೆಯ ಹಿಸ್ಟೊಗ್ರಾಮ್ ಎಂಬುದೇ ಫ್ಲೋ ಕ್ಯಾರಿಯೋಟೈಪ್. ಇದನ್ನು ಮೊದಲು ಕಾಗದದ ಮೇಲೆ ಲೆಕ್ಕಹಾಕಿದ ಚಿತ್ರದ ಪಕ್ಕದಲ್ಲಿಟ್ಟು ನೋಡಬೇಕು. ಡ್ಯಾಪಿ ಎ-ಟಿ ಹೆಚ್ಚಾಗಿರುವ ಜಾಗಗಳಿಗೆ ಅಂಟುವುದರಿಂದ ಶೃಂಗದ ಸ್ಥಾನ ಕೇವಲ ಗಾತ್ರವನ್ನಲ್ಲದೆ ಬೇಸ್‌ಗಳ ಅನುಪಾತವನ್ನೂ ಸ್ವಲ್ಪ ಪ್ರತಿಬಿಂಬಿಸುತ್ತದೆ ಎಂಬುದು ನೆನಪಿರಲಿ. ಮಾನವ ವರ್ಣತಂತುಗಳಲ್ಲಿ ಎ-ಟಿ ಮತ್ತು ಜಿ-ಸಿಗೆ ಬೇರೆಬೇರೆ ಬಣ್ಣ ಹಾಕಿ ಬಹುತೇಕ ಎಲ್ಲವನ್ನೂ ಬಿಡಿಸಬಹುದು. ಸಸ್ಯಗಳಲ್ಲಿ ಒಂದೇ ಬಗೆಯ ಪುನರಾವರ್ತಿತ ಸರಣಿಗಳು ಎಲ್ಲ ವರ್ಣತಂತುಗಳಲ್ಲೂ ಹರಡಿರುವುದರಿಂದ ಈ ಉಪಾಯ ಅಷ್ಟಾಗಿ ಫಲಿಸುವುದಿಲ್ಲ.

ಹೆಚ್ಚು ಫಲ ಕೊಟ್ಟದ್ದು 2013ರಲ್ಲಿ ಪ್ರಕಟವಾದ ಫಿಶಿಸ್ ಎಂಬ ವಿಧಾನ. ತೇಲುದ್ರವದಲ್ಲಿರುವ ವರ್ಣತಂತುಗಳ ಡಿಎನ್‌ಎಯನ್ನು ಕ್ಷಾರದಿಂದ ಬಿಚ್ಚಿ, ದ್ರಾವಣವನ್ನು ಮತ್ತೆ ತಟಸ್ಥಗೊಳಿಸಿ, ಜಿಎಎ ಎಂಬ ಮೂರು ಬೇಸ್‌ಗಳ ಪುನರಾವರ್ತನೆಗೆ ಹೊಂದುವ ಹಸಿರು ಹೊಳಪಿನ ಶೋಧಕವನ್ನು ಸೇರಿಸಲಾಗುತ್ತದೆ. ಈ ಸರಣಿ ಗೋಧಿಯ ಬಿ ಉಪಜೀನೋಮಿನಲ್ಲಿ ಧಾರಾಳ, ಬೇರೆಡೆ ವಿರಳ. ಡ್ಯಾಪಿಯನ್ನು ಒಂದು ಅಕ್ಷದಲ್ಲೂ ಹಸಿರು ಬೆಳಕನ್ನು ಇನ್ನೊಂದರಲ್ಲೂ ಇಟ್ಟಾಗ, ಹಿಸ್ಟೊಗ್ರಾಮಿನಲ್ಲಿ ಒಂದೇ ಗುಡ್ಡೆಯಾಗಿದ್ದ ವರ್ಣತಂತುಗಳು ಬೇರೆಬೇರೆ ಗುಂಪುಗಳಾಗಿ ಒಡೆಯುತ್ತವೆ. ವಿಶೇಷ ತಳಿಗಳಿಲ್ಲದ ಸಸ್ಯಗಳಿಗೆ ಇಂದು ಮೊದಲು ಪ್ರಯತ್ನಿಸಬೇಕಾದದ್ದು ಇದನ್ನೇ ಎನ್ನುವೆ, ಆದರೆ ಅಂಥ ಪುನರಾವರ್ತನೆ ವರ್ಣತಂತುಗಳ ನಡುವೆ ಅಸಮವಾಗಿ ಹಂಚಿಹೋಗಿರಬೇಕು.

ಬೇರ್ಪಡಿಸುವಾಗ

ಧಾರೆಯನ್ನು ಕಂಪಿಸಿ ಹನಿಗಳಾಗಿ ಒಡೆದು, ಬೇಕಾದ ಕಣವಿರುವ ಹನಿಗೆ ವಿದ್ಯುದಾವೇಶ ಕೊಟ್ಟು, ಅದನ್ನು ಸಂಗ್ರಹದ ನಳಿಕೆಯ ಕಡೆಗೆ ಬಾಗಿಸುವುದು ಯಂತ್ರದ ಕೆಲಸ. ಕಣವನ್ನು ಅಳೆದ ಕ್ಷಣಕ್ಕೂ ಹನಿ ಕಳಚುವ ಕ್ಷಣಕ್ಕೂ ನಡುವಿನ ಅಂತರವನ್ನು ಮಣಿಗಳಿಂದ ಕರಾರುವಾಕ್ಕಾಗಿ ಹೊಂದಿಸದಿದ್ದರೆ ಸಂಗ್ರಹವಾಗುವುದು ಪಕ್ಕದ ಖಾಲಿ ಹನಿ. ಹನಿಯಲ್ಲಿ ಬೇರೆ ಕಣವೂ ಇದ್ದರೆ ಅದನ್ನು ತಿರಸ್ಕರಿಸುವ ಶುದ್ಧತಾ ವಿಧಾನವನ್ನು ಆರಿಸಿ, ಶೃಂಗದ ಎರಡೂ ಅಂಚುಗಳನ್ನು ಬಿಟ್ಟು ನಡುಭಾಗಕ್ಕೆ ಮಾತ್ರ ದ್ವಾರವನ್ನು (ಆರಿಸಬೇಕಾದ ಕಣಗಳ ಸಂಕೇತದ ಮಿತಿಯನ್ನು) ಬಿಗಿಗೊಳಿಸಬೇಕು.

ಎಷ್ಟು ವರ್ಣತಂತುಗಳು ಬೇಕು ಎಂಬುದು ಉದ್ದೇಶವನ್ನು ಅವಲಂಬಿಸಿದೆ. ಒಂದು ಮಾರ್ಕರ್ ಯಾವ ವರ್ಣತಂತುವಿನಲ್ಲಿದೆಯೆಂದು ಪಿಸಿಆರ್‌ನಿಂದ ತಿಳಿಯಲು ಕೆಲವು ನೂರು ಸಾಕು. ಸರಣೀಕರಣಕ್ಕೆ ಹತ್ತಾರು ಸಾವಿರ ಬೇಕು. 3ಬಿ ವರ್ಣತಂತುವಿನ ಗಾತ್ರ ಸುಮಾರು 100 ಕೋಟಿ ಬೇಸ್ ಜೋಡಿ. 1 ಪಿಕೊಗ್ರಾಂ ಡಿಎನ್‌ಎ ಎಂದರೆ 97.8 ಕೋಟಿ ಬೇಸ್ ಜೋಡಿ. ಮಧ್ಯಾವಸ್ಥೆಯಲ್ಲಿ ಎರಡು ಕ್ರೊಮ್ಯಾಟಿಡ್‌ಗಳಿರುವುದರಿಂದ ಒಂದೊಂದು 3ಬಿಯಲ್ಲೂ ಸುಮಾರು 2 ಪಿಕೊಗ್ರಾಂ ಇದ್ದು, 20,000 ವರ್ಣತಂತುಗಳಿಂದ ಹೆಚ್ಚೆಂದರೆ 40 ನ್ಯಾನೊಗ್ರಾಂ ದೊರೆಯುತ್ತದೆ. ಸೆಕೆಂಡಿಗೆ 1,000 ಕಣಗಳು ಹಾದುಹೋಗಿ, ಅವುಗಳಲ್ಲಿ ಅರ್ಧ ಹುಡಿಯೆಂದು ಭಾವಿಸಿದರೆ, 21ರಲ್ಲಿ ಒಂದರಂತೆ ಸೆಕೆಂಡಿಗೆ 24ರಷ್ಟು 3ಬಿ ಸಿಗುತ್ತವೆ. 20,000ಕ್ಕೆ ಕಾಲು ಗಂಟೆಯೂ ಬೇಡ. ಆದರೆ ಬ್ಯಾಕ್ ಗ್ರಂಥಾಲಯ (ದೊಡ್ಡ ಡಿಎನ್‌ಎ ತುಂಡುಗಳನ್ನು ಬ್ಯಾಕ್ಟೀರಿಯಾಗಳಲ್ಲಿ ಇರಿಸಿದ ಸಂಗ್ರಹ) ಕಟ್ಟಲು ಬೇಕಾಗುವಂಥ 20 ಲಕ್ಷಕ್ಕೆ ಇದೇ ವೇಗದಲ್ಲಿ 23 ಗಂಟೆಗಳು ಹಿಡಿಯುತ್ತವೆ, ಅದೂ ಯಾವ ಹನಿಯೂ ತಿರಸ್ಕೃತವಾಗದಿದ್ದರೆ. 3ಬಿಯ ಗ್ರಂಥಾಲಯ 2004ರಲ್ಲಿ, ಭೌತಿಕ ನಕ್ಷೆ 2008ರಲ್ಲಿ ಬಂದದ್ದರ ಹಿಂದೆ ಇಂಥ ತಾಳ್ಮೆಯ ಕೆಲಸವಿದೆ.

ಶುದ್ಧತೆಯ ಪರೀಕ್ಷೆ ಮತ್ತು ಡಿಎನ್‌ಎ

ಬೇರ್ಪಡಿಸುವ ಕೆಲಸದ ಆರಂಭದಲ್ಲೂ ಕೊನೆಯಲ್ಲೂ 1,000ದಿಂದ 2,000 ವರ್ಣತಂತುಗಳನ್ನು ಗಾಜುಫಲಕದ ಮೇಲಿನ ಸಣ್ಣ ಹನಿಗೆ ಸಂಗ್ರಹಿಸಿ, ಒಣಗಿಸಿ, ಪ್ರತಿದೀಪ್ತ ಸ್ವಸ್ಥಾನ ಸಂಕರಣಕ್ಕೆ (ಹೊಳೆಯುವ ಶೋಧಕಗಳು ತಮಗೆ ಹೊಂದುವ ಸರಣಿಗೆ ಅಂಟುವ ಪರೀಕ್ಷೆಗೆ) ಒಳಪಡಿಸಬೇಕು. ಗೋಧಿಯಲ್ಲಿ ಜಿಎಎ ಮತ್ತು ಆಫಾ ಕುಟುಂಬದ ಪುನರಾವರ್ತನೆಗಳು, ಟೀಲೊಸೋಮ್‌ಗಳಿದ್ದರೆ ಟೀಲೊಮಿಯರ್ ಸರಣಿ, ಶೋಧಕಗಳಾಗಿ ಸಾಕು. ಅವುಗಳ ಪಟ್ಟಿವಿನ್ಯಾಸ ನೋಡಿ ಒಂದೊಂದು ವರ್ಣತಂತುವನ್ನೂ ಹೆಸರಿಸಬಹುದು. ಕನಿಷ್ಠ ನೂರನ್ನಾದರೂ ಎಣಿಸಿ, ಅವುಗಳಲ್ಲಿ ಎಷ್ಟು ಬೇಕಾದವು, ಉಳಿದವು ಯಾವುವು ಎಂದು ಬರೆದಿಡಬೇಕು. ಕಲಬೆರಕೆಯ ಪ್ರಮಾಣಕ್ಕಿಂತ ಅದರ ಸ್ವರೂಪ ಮುಖ್ಯ. ಶೇ 10ರ ಕಲಬೆರಕೆ ಹತ್ತಾರು ವರ್ಣತಂತುಗಳಿಂದ ಚೂರುಚೂರಾಗಿ ಬಂದಿದ್ದರೆ ಸರಣೀಕರಣದಲ್ಲಿ ಅದು ತೆಳುವಾದ ಹಿನ್ನೆಲೆಯಾಗಿ ಹರಡಿಹೋಗುತ್ತದೆ. ಅದೇ ಶೇ 10 ಒಂದೇ ನೆರೆಯ ವರ್ಣತಂತುವಿನಿಂದ ಬಂದಿದ್ದರೆ ತಪ್ಪು ಜೀನನ್ನು ತಪ್ಪು ವರ್ಣತಂತುವಿಗೆ ಹಚ್ಚುವ ಅಪಾಯವಿದೆ.

ನ್ಯಾನೊಗ್ರಾಂಗಳಷ್ಟು ಡಿಎನ್‌ಎ ಸಾಲದಾದಾಗ, ಪ್ರೊಟೀನೇಸ್-ಕೆಯಿಂದ ಪ್ರೋಟೀನುಗಳನ್ನು ತೆಗೆದು ಫೈ29 ಪಾಲಿಮರೇಸ್‌ನಿಂದ ಬಹುಸ್ಥಳಾಂತರಣ ವರ್ಧನೆ (ಡಿಎನ್‌ಎಯ ಪ್ರತಿಗಳನ್ನು ಹೆಚ್ಚಿಸುವ ಕ್ರಿಯೆ) ಮಾಡಿದರೆ ಕೆಲವು ಮೈಕ್ರೊಗ್ರಾಂ ದೊರೆಯುತ್ತದೆ. 2016ರ ಮ್ಯೂಟ್‌ಕ್ರೋಮ್‌ಸೀಕ್ ವಿಧಾನ ಇದೇ ಹಾದಿಯದು: ಮೂಲ ಸಸ್ಯದ ಮತ್ತು ರೋಗನಿರೋಧಕತೆ ಕಳೆದುಕೊಂಡ ಹಲವು ಉತ್ಪರಿವರ್ತಿತ ಸಸ್ಯಗಳ ಒಂದೇ ವರ್ಣತಂತುವನ್ನು ಬೇರ್ಪಡಿಸಿ ಸರಣೀಕರಿಸಿ, ಎಲ್ಲ ಉತ್ಪರಿವರ್ತಿತಗಳಲ್ಲೂ ಕೆಟ್ಟಿರುವ ಜೀನ್ ಯಾವುದೆಂದು ಹುಡುಕಿ, ಗೋಧಿಯ ಬೂದಿರೋಗ ನಿರೋಧಕ ಜೀನ್ ಪಿಎಂ2 ಅನ್ನು ಹೀಗೆ ಪ್ರತ್ಯೇಕಿಸಲಾಯಿತು. ಫೈ29 ಯಾವ ಡಿಎನ್‌ಎಯನ್ನೂ ಬಿಡದೆ ವರ್ಧಿಸುವುದರಿಂದ, ಸಂಗ್ರಹದ ನಳಿಕೆಗಳನ್ನೂ ನೀರನ್ನೂ ಮೊದಲೇ ನೇರಳಾತೀತ ಬೆಳಕಿಗೆ ಒಡ್ಡಿ, ಮಾದರಿಯ ಧಾರೆಯನ್ನು ಸುತ್ತುವರಿದು ಹರಿಯುವ ಹೊದಿಕೆದ್ರವವನ್ನು ಕ್ರಿಮಿಶುದ್ಧಗೊಳಿಸಿ, ವರ್ಣತಂತುವಿಲ್ಲದ ಒಂದು ಖಾಲಿ ನಳಿಕೆಯನ್ನು ಜೊತೆಯಲ್ಲೇ ವರ್ಧನೆಗೆ ಇಡಬೇಕು. ವರ್ಧನೆ ಎಲ್ಲ ಭಾಗಗಳನ್ನೂ ಸಮನಾಗಿ ಹೆಚ್ಚಿಸುವುದಿಲ್ಲವಾದ್ದರಿಂದ, ಪ್ರತ್ಯೇಕವಾಗಿ ಬೇರ್ಪಡಿಸಿದ ಮೂರು ಭಾಗಗಳನ್ನು ಪ್ರತ್ಯೇಕವಾಗಿಯೇ ವರ್ಧಿಸಿ ಕೊನೆಗೆ ಕೂಡಿಸುವುದು ರೂಢಿ. ಉದ್ದನೆಯ ಡಿಎನ್‌ಎ ಎಳೆಗಳೇ ಬೇಕಾದಲ್ಲಿ ವರ್ಧನೆಯನ್ನು ಪೂರ್ತಿ ಬಿಟ್ಟು, ಬೇರ್ಪಡಿಸಿದ ವರ್ಣತಂತುಗಳನ್ನು ಕಡಿಮೆ ಉಷ್ಣತೆಯಲ್ಲಿ ಕರಗುವ ಅಗರೋಸ್ ಗಟ್ಟಿಗಳಲ್ಲಿ ಹುದುಗಿಸಿ, ಪ್ರೋಟೀನುಗಳನ್ನು ಆ ಗಟ್ಟಿಯೊಳಗೇ ಕರಗಿಸಬೇಕು. ಪ್ರತಿ ನಳಿಕೆಯ ಮೇಲೂ ಗಟ್ಟಿಯ ಮೇಲೂ ತಳಿ, ದ್ವಾರದ ಮಿತಿ, ವರ್ಣತಂತುಗಳ ಸಂಖ್ಯೆ ಮತ್ತು ಆ ದಿನದ ಗಾಜುಫಲಕದ ಗುರುತನ್ನು ಬರೆದಿಟ್ಟರೆ, ಸರಣಿಯಲ್ಲಿ ಅನುಮಾನ ಎದ್ದಾಗ ಹಿಂದಿರುಗಿ ನೋಡಲು ಆ ಫಲಕ ಇರುತ್ತದೆ.